ಹಂದಿಯ ಪಾಲಿನ ಕೆಲಸ

ನಮ್ಮೂರಿನಲ್ಲಿ ಹಂದಿ ಹೊಡೆದವನು ಮುಂದಿನ ಮಳೆ ಬೀಳುವವರೆಗೆ ಹಂದಿಯಾಗಿರಬೇಕು. ಜಿಂಕೆ ಹೊಡೆದವನು ಜಿಂಕೆ, ಮುಳ್ಳಹಂದಿ ಹೊಡೆದವನು ಮುಳ್ಳಹಂದಿ. ಇದನ್ನು ನಾವು ಬೇಟೆಯ ಸುಂಕ ಎನ್ನುತ್ತೇವೆ. ಅಡವಿಯಿಂದ ಒಂದು ಜೀವವನ್ನು ಎತ್ತಿಕೊಂಡು ಬಂದರೆ ಅದು ಮಾಡುತ್ತಿದ್ದ ಕೆಲಸ ಅಲ್ಲೇ ಬಿದ್ದಿರುತ್ತದಲ್ಲ, ಅದನ್ನು ಯಾರು ಮಾಡಬೇಕು? ತಿಂದವರೇ ಮಾಡಬೇಕು. ಜಿಂಕೆ ತಿಂದ ಮನೆಯವರು ಕುಡುಗೋಲು ಹಿಡಿದು ಗುಡ್ಡದ ಹುಲ್ಲನ್ನು ಅಲ್ಲಲ್ಲಿ ಕೊಯ್ದು ಹೊಸ ಚಿಗುರಿಗೆ ದಾರಿ ಮಾಡುತ್ತಾರೆ. ಮುಳ್ಳಹಂದಿ ತಿಂದವರು ಬಿಲ ತೋಡುತ್ತಾರೆ. ಗೌಜಲಹಕ್ಕಿ ತಿಂದವರು ಕಾರೆಹಣ್ಣು, ಬಾರೆಹಣ್ಣು ಮೆಲ್ಲುತ್ತಾ ಬೀಜ ಉಗುಳುತ್ತಾ ಅಡವಿಯ ತುಂಬ ಅಡ್ಡಾಡುತ್ತಾರೆ. ಚಾವಡಿಯಲ್ಲಿ ಕೊಡುವ ಗೌಜಲಹಕ್ಕಿ ಬೇಟೆಯ ಪರವಾನಗಿಗೆ ಜನ ಯಾಕೆ ಮುಗಿಬೀಳುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೊರಗಿನವರಿಗೆ ಇದು ನಗೆಪಾಟಲು, ನಮಗೆ ನಿತ್ಯದ ಬದುಕು. ಶಾಲೆಯ ಹೆಡ್ಮಾಸ್ತರರು ಮಂಡಿಯೂರಿ ಹುಲ್ಲು ಕೊಯ್ಯುತ್ತಿದ್ದರೆ ಆ ದಾರಿಯಲ್ಲಿ ಹಾದುಹೋಗುವ ಮಕ್ಕಳು ನಗುವುದಿಲ್ಲ, ನಮಸ್ಕಾರ ಮಾಡುತ್ತಾರೆ. ಹೆಣ್ಣು ಕೇಳಲು ಬಂದವರನ್ನು ನಾವು "ಹುಡುಗ ಈ ವರ್ಷ ಏನಾಗ್ಯಾನ್ರಿ?" ಎಂದು ಕೇಳುತ್ತೇವೆ. "ಹಂದಿ ಆಗ್ಯಾನ್ರಿ" ಎಂದರೆ ಮದುವೆಯನ್ನು ಮಳೆಗಾಲದ ಆಚೆಗೆ ಇಟ್ಟುಕೊಳ್ಳುತ್ತೇವೆ, ಅಷ್ಟೇ. ಹಿಂದೆ ಒಬ್ಬ ಸಾಹುಕಾರ ಮೈ ಬಗ್ಗಿಸಲಾರದೆ, ಸುಂಕದ ಬದಲಿಗೆ ರೊಕ್ಕ ಕೊಡುತ್ತೇನೆ ಎಂದನಂತೆ. ಹಿರಿಯರು ಬೇಡ ಎನ್ನಲಿಲ್ಲ. ಅವನೆದುರಿಗೇ ಆ ರೊಕ್ಕವನ್ನು ಅಡವಿಯಲ್ಲಿ ಹೂತು, ಅದು ಮೊಳಕೆ ಒಡೆದ ದಿನ ನಿನ್ನ ಸುಂಕ ಮುಟ್ಟಿತು ಎಂದು ಲೆಕ್ಕ ಎಂದರಂತೆ.

ನಾನು ಕಾಶವ್ವ. ಊರಿನ ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ಸಿಟ್ಟು ಮಾತ್ರ ಹುಟ್ಟಿನಿಂದಲೇ ದೊಡ್ಡದು. ಊರಲ್ಲಿ ನನ್ನ ಗಿರಣಿಯನ್ನು ಮೀರಿಸುವ ಸದ್ದು ಒಂದೇ ಇತ್ತು, ಅದು ಕೆಸರಬಯಲಿನ ಕಪ್ಪೆಗಳದು. ದೊಡ್ಡ ಮಳೆ ಹೊಡೆದು ಅವು ವಟಗುಟ್ಟತೊಡಗಿದರೆ ಎದುರಿಗೆ ನಿಂತ ಗಿರಾಕಿ ಜೋಳ ಅನ್ನುತ್ತಿದ್ದಾನೋ ಸಜ್ಜೆ ಅನ್ನುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ನಾನು ಗಿರಣಿ ಬಂದ್ ಮಾಡಿ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದೆ. ವರ್ಷಕ್ಕೊಮ್ಮೆ ನನ್ನ ಬಾಯಿ ಮುಚ್ಚಿಸುವವರು ಯಾರಾದರೂ ಇದ್ದಾರಲ್ಲ ಎಂದು ನನಗೆ ಖುಷಿ. ಆದರೆ ಈಚೆಗೆ ಕೆಲವು ವರ್ಷಗಳಿಂದ ಆ ಕೂಗು ನಿಂತುಹೋಗಿತ್ತು.

ಕೆಸರಬಯಲು ಊರಿಗೂ ಗುಡ್ಡಕ್ಕೂ ನಡುವೆ ಇಳಿಜಾರಾಗಿ ಹರಡಿದ ಜೌಗು. ಕಾಡುಹಂದಿಗಳು ಅಲ್ಲಿ ಹೊರಳಾಡುತ್ತಿದ್ದವು, ಗಡ್ಡೆಗೆಂದು ನೆಲ ಕೆದರುತ್ತಿದ್ದವು. ಮಳೆ ನೀರು ಅಲ್ಲೇ ನಿಂತು ಬೇಸಿಗೆಯವರೆಗೂ ಇಂಗುತ್ತಾ ಇರುತ್ತಿತ್ತು. ಗುಡ್ಡದ ಪ್ರಾಣಿಗಳೆಲ್ಲ ಇಳಿದು ಬಂದು ಕುಡಿಯುವುದು ಅಲ್ಲೇ. ಈಗ ಮಳೆ ಬಂದ ಮರುದಿನಕ್ಕೆ ನೀರು ಹಳ್ಳ ಸೇರಿ, ಬಯಲು ಬಿರುಕು ಬಿಡುತ್ತಿತ್ತು. ಹಂದಿಗಳು ಕಡಿಮೆಯಾದವು. ಬೇಟೆಗಾರರು ಒಬ್ಬರೂ ಸುಂಕ ತಪ್ಪಿಸಿದವರಲ್ಲ. ಹಂದಿ ಹೊಡೆದ ಪ್ರತಿಯೊಬ್ಬನೂ ಸಲಿಕೆ ಹಿಡಿದು ತನ್ನ ಪಾಲಿನ ನೆಲವನ್ನು ಅಗೆದಿದ್ದ. ಆದರೂ ಬಯಲು ಸಾಯುತ್ತಿತ್ತು.

ನನ್ನ ಗಂಡ ಉಡಚಪ್ಪನಿಗೆ ಬೇಟೆಯೆಂದರೆ ಪ್ರಾಣ. ಆ ಚಳಿಗಾಲ ಚಾವಡಿಯಲ್ಲಿ ಒಪ್ಪಿಗೆ ಪಡೆದು, ಬಹಳ ಹುಡುಕಿ, ಒಂದು ಒಂಟಿ ಹಂದಿಯನ್ನು ಹೊಡೆದ. ಅದನ್ನು ಕಟ್ಟಿಗೆಗೆ ಕಟ್ಟಿ ಹೊತ್ತು ಕೆಸರಬಯಲು ದಾಟುವಾಗ, ಉಳಿದಿದ್ದ ಚೂರು ಕೆಸರಿನಲ್ಲೇ ಕಾಲು ಜಾರಿ ಬಿದ್ದ. ಮೇಲೆ ಹಂದಿ, ಕೆಳಗೆ ಇವನು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಜೊತೆಗಿದ್ದವರು ಎಳೆದಾಡಿ ಮೇಲೆತ್ತಿ ಮನೆಗೆ ತಂದು ಹಾಕಿದರು. ನಾನು ಕೆಸರು ತೊಳೆಯುತ್ತಾ ನೋಡುತ್ತೇನೆ, ಸೊಂಟ ಬರಿದಾಗಿದೆ.

"ಉಡದಾರ ಎಲ್ಲೈತ್ರಿ?" ಎಂದೆ.

"ಕೆಸರಾಗ ಹೋತು ಕಾಣ್ತೈತಿ."

"ಕೆಸರಾಗ ಹೋಗಾಕ ನಾ ಏನ್ ಸತ್ತೀನೇನ?"

"ಕಾಲ ಮುರದು ಬಿದ್ದೀನಿ, ಇಕೀಗೆ ಉಡದಾರದ ಚಿಂತಿ!"

"ಕಾಲ ಕೂಡತೈತ್ರಿ. ಅದು ಹೆಂಗ ಕೂಡತೈತಿ?"

ನನ್ನ ಅಪ್ಪ ಮದುವೆಯಲ್ಲಿ ಹಾಕಿದ್ದ ಬೆಳ್ಳಿಯ ಉಡದಾರ ಅದು. ಬೆಳ್ಳಿಯ ಮಾತು ಬಿಡಿ. ನಮ್ಮಲ್ಲಿ ಗಂಡಸಿನ ಉಡದಾರ ಹರಿಯುವುದು ಹೆಂಡತಿಯ ಹೆಣ ಎತ್ತುವಾಗ. ಗಿರಣಿಯ ಪಟ್ಟಾ ಒಬ್ಬಳೇ ಏರಿಸುವಷ್ಟು ಗಟ್ಟಿಮುಟ್ಟಾಗಿ ನಾನು ಇದ್ದೇನೆ, ಇವನು ಬರಿ ಸೊಂಟದಲ್ಲಿ ಮಲಗಿದ್ದಾನೆ. ಸಿಟ್ಟಿನ ಜೊತೆಗೆ ಸಣ್ಣ ಹೆದರಿಕೆಯೂ ಬಂತು, ಅದನ್ನು ಸಿಟ್ಟಿನಲ್ಲೇ ಮುಚ್ಚಿಕೊಂಡೆ. ಸದ್ಯಕ್ಕೆ ಒಂದು ಕರಿ ದಾರ ಕಟ್ಟಿದೆ.

ಅದಾದ ಸ್ವಲ್ಪ ದಿನಕ್ಕೇ ಚಾವಡಿಯಲ್ಲಿ ಸಭೆ ಸೇರಿತು. ಇಟ್ಟಿಗೆ ಸುಡುವ ಭಟ್ಟಿಯ ಮಲಕಾಜಪ್ಪ ಸಾವುಕಾರರು ಎದ್ದು ನಿಂತರು. ಬಲಗೈ ತೋರುಬೆರಳಿನಲ್ಲಿ ಲಾರಿಯ ಚಾವಿ ತಿರುಗಿಸುತ್ತಾ ಮಾತಾಡುವುದು ಅವರ ರೂಢಿ.

"ಸುಂಕ ಯಾರೂ ತಪ್ಪಿಸಿಲ್ಲ. ನಾನೂ ಹಂದಿ ಆಗೀನಿ, ನೀವೂ ಆಗೀರಿ. ಆದ್ರೂ ನೀರ ನಿಂದರಂಗಿಲ್ಲ ಅಂದ್ರ ಆ ನೆಲದಾಗ ಜೀವ ಇಲ್ಲಂತ ತಿಳಕೋಬೇಕು. ಬರೂ ಮಳಿಗೂ ನಿಂದರಲಿಲ್ಲ ಅಂದ್ರ ಬಯಲು ಭಟ್ಟಿಗೆ ಕೊಡ್ರಿ. ಮಣ್ಣಾದ್ರೂ ಊರ ಕೆಲಸಕ್ಕ ಬರತೈತಿ."

ಎದ್ದು ಬೇಡ ಎನ್ನುವವರು ಒಬ್ಬರೂ ಇರಲಿಲ್ಲ. ಫಲವಿಲ್ಲದ ಕೆಲಸ ಮಾಡಿ ಎಲ್ಲರಿಗೂ ದಣಿವಾಗಿತ್ತು. ನಾನು ಬಾಗಿಲಿನಲ್ಲಿ ನಿಂತಿದ್ದವಳು ಅಲ್ಲಿಂದಲೇ ಕೂಗಿದೆ.

"ಹಂದಿ ಎಲ್ಲಿಗೆ ಹೋಗಬೇಕ್ರಿ ಸಾವುಕಾರ್ರ? ನಿಮ್ಮ ಭಟ್ಟ್ಯಾಗ?"

ಒಂದಷ್ಟು ಜನ ನಕ್ಕರು. ಸಾವುಕಾರರು ನಗಲಿಲ್ಲ. "ಕಾಶವ್ವ, ಮೊದ್ಲ ನಿನ್ನ ಗಂಡನ ಸುಂಕ ಮುಟ್ಟಿಸು. ಅವನ ಪಾಲಿನ ನೆಲ ಹಂಗ ಬಿದ್ದೈತಿ."

"ಮುಟ್ಟಸ್ತೀನ್ರಿ. ನಾನೂ ಆ ಹಂದಿ ತಿಂದೀನಿ," ಎಂದೆ. ಎಲ್ಲರ ಮುಂದೆ ಆಡಿದ ಮಾತು, ಇನ್ನು ನುಂಗುವ ಹಾಗಿರಲಿಲ್ಲ. ನುಂಗುವ ಮನಸ್ಸೂ ಇರಲಿಲ್ಲ. ಕಪ್ಪೆ ಕೂಗದ ಊರಲ್ಲಿ ನಾನೊಬ್ಬಳೇ ಕೂಗಿಕೊಂಡಿರುವುದು ನನಗೆ ಬೇಕಾಗಿರಲಿಲ್ಲ.

ಸುಂಕ ಅಳೆಯುವವರು ಪಂಚಾಕ್ಷರಯ್ಯನವರು. ಒಬ್ಬರಿಂದಲೂ ಒಂದು ಎಲೆ ಅಡಿಕೆಯನ್ನೂ ಮುಟ್ಟಿದವರಲ್ಲ. ಅವರು ಬರುವ ಮೊದಲು, ನೀನು ಕಡಿಮೆ ಅಗೆದೆ ನಾನು ಹೆಚ್ಚು ಅಗೆದೆ ಎಂದು ಬೇಟೆಗಾರರು ಕೈ ಕೈ ಮಿಲಾಯಿಸುತ್ತಿದ್ದರು. ಇವರು ಹಗ್ಗ, ಗೂಟ ತಂದರು. ಗೂಟದಿಂದ ಗೂಟಕ್ಕೆ ಹಗ್ಗ, ಹಗ್ಗದ ಗುಂಟ ಸಾಲು. ಎಲ್ಲರ ಸುಂಕವೂ ಒಂದೇ ಅಳತೆ, ಜಗಳ ಮುಗಿಯಿತು. ನಮ್ಮ ಗಂಡಸರೆಲ್ಲ ನೇಗಿಲು ಹಿಡಿದ ಕೈಯವರು, ಸಾಲು ಸೊಟ್ಟಗಾದರೆ ಮರ್ಯಾದೆ ಹೋದಂತೆ. ಗುಡ್ಡದ ಮೇಲೆ ನಿಂತು ನೋಡಿದರೆ ಬಯಲು ಬಾಚಿದ ತಲೆಯಂತೆ ಕಾಣುತ್ತಿತ್ತು.

ನನ್ನ ಪಾಲಿಗೂ ಅಯ್ಯನವರು ಹಗ್ಗ ಕಟ್ಟಿ ಕೊಟ್ಟರು. ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಸಲಿಕೆ. ಮೊದಲು ಸರಿಯಾಗಿ ಹಗ್ಗದ ಗುಂಟವೇ ಹೊರಟೆ. ಆದರೆ ಮನಸ್ಸೆಲ್ಲ ಉಡದಾರದಲ್ಲಿ. ಇಲ್ಲೇ ಎಲ್ಲೋ ಕಾಲ ಕೆಳಗೆ ಇದೆ, ಅದನ್ನು ಬಿಟ್ಟು ಸಾಲು ಹೊಡೆಯುತ್ತಾ ಹೋಗುವುದೆಂದರೆ ನನ್ನಿಂದಾಗುವ ಕೆಲಸವೇ? ಮನೆಗೆ ಹೋಗಿ ಗಂಡನನ್ನು ಕೇಳಿದೆ.

"ಎಲ್ಲಿ ಬಿದ್ದಿದ್ರಿ, ನೆನಪ ಮಾಡ್ಕೋರಿ."

"ಲಕ್ಕಿ ಗಿಡದ ಹತ್ರ."

ಲಕ್ಕಿ ಗಿಡದ ಸುತ್ತ ಕೆದರಿದೆ. ಸಿಗಲಿಲ್ಲ. ಮರುದಿನ "ಅಲ್ಲ, ಕರಿ ಕಲ್ಲಿನ ಬಾಜೂಕ" ಎಂದ. ಅಲ್ಲಿಯೂ ಕೆದರಿದೆ. ಅದರ ಮರುದಿನ "ಎರಡರ ನಡುವ ಇರಬೇಕು" ಎಂದ. ಮೆತ್ತಗಿದ್ದ ಕಡೆ ಮೊಳಕೈವರೆಗೆ ಕೈ ಇಳಿಸಿದೆ, ಗಟ್ಟಿಯಿದ್ದ ಕಡೆ ಬೈದು ಬಿಟ್ಟು ಮುಂದಕ್ಕೆ ಹೋದೆ. ಸಲಿಕೆ ತಾಗಿ ಬೆಳ್ಳಿ ತುಂಡಾದೀತೆಂದು ಸಲಿಕೆ ಬಿಟ್ಟೆ. ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಎಳೆದು ಹಿಂದಕ್ಕೆ ಹಾಕುವುದು, ಮುಖ ಬಗ್ಗಿಸಿ ನೋಡುವುದು, ಸಿಗಲಿಲ್ಲ ಎಂದು ಪಕ್ಕಕ್ಕೆ ಹೊರಳುವುದು. ಗೂಟಗಳು ಎಲ್ಲಿ ಕಿತ್ತುಹೋದವೋ ನೋಡಲೇ ಇಲ್ಲ. ಪಕ್ಕದ ಮನೆಯ ರಾಜಾಬಿ ರೊಟ್ಟಿ ಗಂಟು ಕೊಡಲು ಬಂದವಳು ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. "ಕಾಶವ್ವಕ್ಕಾ, ಮೂಗಿನ ಮ್ಯಾಲೂ ಕೆಸರ ಐತಿ," ಎಂದಳು.

ಮಳೆಯ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಪಂಚಾಕ್ಷರಯ್ಯನವರು ಅಳತೆಗೆ ಬಂದರು. ನನ್ನ ಪಾಲಿನ ನೆಲದ ಅಂಚಿನಲ್ಲಿ ನಿಂತರು. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಡ್ಡೆ, ಒಂದರ ಮೇಲೊಂದು ಬಿದ್ದ ಮಣ್ಣ ಹೆಂಟೆ. ಹಗ್ಗ ಎಲ್ಲಿಂದ ಎಲ್ಲಿಗೆ ಹಿಡಿಯಬೇಕೋ ತಿಳಿಯದೆ ಅವರ ಕೈ ಹಾಗೇ ನಿಂತಿತು.

"ಇದೇನವ್ವ ಇದು? ಕೆಲಸ ಅಂತಾರೇನ ಇದಕ್ಕ? ಹಂದಿ ಕೆದರಿದಂಗ ಐತಿ!"

"ಮತ್ತೇನಾಗಬೇಕಿತ್ರಿ ಅಯ್ಯಾರ?" ಎಂದೆ.

ಸಿಟ್ಟಿನಲ್ಲಿ ಬಂದ ಮಾತು ಅದು. ಆಡಿದ ಮೇಲೆ ನನಗೇ ಕೇಳಿಸಿತು. ಅಯ್ಯನವರಿಗೂ ಕೇಳಿಸಿರಬೇಕು, ಒಂದು ಗಳಿಗೆ ನನ್ನನ್ನೇ ನೋಡಿದರು. ಆದರೆ ಅವರು ನಿಯಮದ ಮನುಷ್ಯ.

"ಹಗ್ಗಕ್ಕ ಬರದ್ದನ್ನ ನಾ ಹೆಂಗ ಪಾಸ್ ಮಾಡ್ಲಿ? ನಿಂದು ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಮಳಿ ಬೀಳೂದರಾಗ ಸಾಲು ಮಾಡಿಬಿಡವ್ವ. ಇಲ್ಲಂದ್ರ ಉಡಚಪ್ಪನ ಬಂದೂಕ ಚಾವಡಿಗೆ ಇಳಿಸಬೇಕಾಗತೈತಿ."

ಮನೆಗೆ ಬಂದು ಗಂಡನಿಗೆ ಇದನ್ನೆಲ್ಲ ಹೇಳಿದೆ. ಬಂದೂಕಿನ ಮಾತು ಬಂದಾಗ ಅವನ ಮುಖ ಬಾಡಿತು. "ಹಗ್ಗದ ಪ್ರಕಾರ ಮಾಡಿಬಿಡು," ಎಂದ. ನಾನು ಆಗುವುದಿಲ್ಲ ಎಂದೆ. ಅವನು ಗೋಡೆಯ ಮೇಲಿನ ಬಂದೂಕಿನ ಕಡೆ ತಿರುಗಿ ನೋಡಿದ. ಕೊನೆಗೆ "ಖರೇನ ಬಿಡು," ಎಂದ. "ಇಷ್ಟ ವರ್ಷ ಹಂದಿ ಹಿಂದ ತಿರಗೀನಿ. ಹಗ್ಗ ಹಿಡಿದು ಅಗಿಯೂ ಹಂದಿ ನಾನೂ ನೋಡಿಲ್ಲ. ಹೋದ್ರ ಹೋಗ್ಲಿ ಬಂದೂಕ." ಅವನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿದ್ದು ಮದುವೆಯಾದ ಹೊಸದರಲ್ಲೂ ಇಲ್ಲ.

ಮಳೆ ಮರುದಿನ ಮಧ್ಯಾಹ್ನವೇ ಬಂತು, ಗುಡ್ಡದ ಕಡೆಯಿಂದ ಒಂದೇ ಸಮನೆ. ಗಿರಣಿಯಲ್ಲಿ ಅರ್ಧ ಬೀಸಿದ ಜೋಳ ಬಿಟ್ಟು ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿದೆ. ಬಯಲಿನ ಹಣೆಬರಹ ಅಂದೇ ತೀರ್ಮಾನ ಆಗುವುದಿತ್ತು, ಊರಿಗೆ ಊರೇ ದಂಡೆಯ ಮೇಲೆ ನಿಂತಿತ್ತು. ಸಾವುಕಾರರು ಕೊಡೆ ಹಿಡಿದಿದ್ದರು. ನೀರು ಗುಡ್ಡದಿಂದ ಇಳಿದು ಸಾಲುಗಳಿಗೆ ಸೇರಿತು, ಸೇರಿದ್ದೇ ತಡ ಓಡತೊಡಗಿತು. ಸಾಲು ನೆಟ್ಟಗಿದ್ದಷ್ಟೂ ಅದರ ಓಟ ಜೋರು. ಇಷ್ಟು ವರ್ಷ ನಮ್ಮ ಗಂಡಸರು ಬೆವರು ಸುರಿಸಿ ಕೆಸರಬಯಲಿನ ನೀರನ್ನು ಹಳ್ಳಕ್ಕೆ ಸಾಗಿಸಲು ಕಾಲುವೆ ತೋಡಿದ್ದರು! ಸುಂಕ ಕಟ್ಟಿದ್ದರು, ನಿಷ್ಠೆಯಿಂದಲೇ ಕಟ್ಟಿದ್ದರು, ಕಟ್ಟಿ ಕಟ್ಟಿಯೇ ಬಯಲನ್ನು ಕೊಲ್ಲುತ್ತಿದ್ದರು. ನನ್ನ ಪಾಲಿನ ನೆಲಕ್ಕೆ ಬಂದ ನೀರು ಮಾತ್ರ ಒಂದು ಗುಂಡಿಗೆ ಇಳಿದು, ಅದು ತುಂಬಿ, ಹೆಂಟೆ ಸುತ್ತಿ, ಪಕ್ಕದ ಗುಂಡಿ ಹುಡುಕಿಕೊಂಡು, ಅಲ್ಲೇ ಉಳಿಯಿತು.

"ನಿಂತೈತಿ ನೋಡ್ರಿ!" ಎಂದು ಕೂಗಿದೆ. ಮಳೆಯ ಸದ್ದಿನಲ್ಲೂ ನನ್ನ ದನಿ ಎಲ್ಲರಿಗೂ ಮುಟ್ಟಿತು.

"ಇಷ್ಟ ಇಷ್ಟ ನೀರಿಗೆ ಬಯಲು ಅನ್ನಾಕ ಬರಂಗಿಲ್ಲ ಕಾಶವ್ವ," ಎಂದರು ಸಾವುಕಾರರು.

ನಾನು ಪಕ್ಕದ ಪಾಲಿಗೆ ನುಗ್ಗಿ ಅಲ್ಲಿನ ಸಾಲುಗಳನ್ನು ಅಡ್ಡಡ್ಡ ಕೆಡವತೊಡಗಿದೆ. ಅದು ರಾಜಾಬಿಯ ಗಂಡ ಮಕ್ತುಮಸಾಬನ ಪಾಲು. "ಏ ಅಕ್ಕಾ, ಅದು ಅಳತಿ ಆದ ಸುಂಕ!" ಎಂದು ಅವನು ಇಳಿದು ಬಂದ. ನಾನು ಅವನ ಸಲಿಕೆಯ ಮುಂದೆಯೇ ಮಂಡಿಯೂರಿದೆ. ಅವನು ಅಯ್ಯನವರ ಕಡೆ ನೋಡಿದ. ಎಲ್ಲರೂ ನೋಡಿದರು. ಪಂಚಾಕ್ಷರಯ್ಯನವರು ತೊಯ್ದು ತೊಪ್ಪೆಯಾಗಿ, ತಮ್ಮ ಹಗ್ಗದ ಗುಂಟ ಓಡುತ್ತಿದ್ದ ನೀರನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಪಂಚೆ ಮೇಲೆ ಕಟ್ಟಿ ಕೆಸರಿಗೆ ಇಳಿದರು. ಒಂದು ಗೂಟ ಕಿತ್ತರು. ಇನ್ನೊಂದು ಕಿತ್ತರು.

"ನೋಡಕೋತ ಏನ್ ನಿಂತೀರಿ? ಕೀಳ್ರಿ!" ಎಂದರು. ಅವರ ಕಣ್ಣಲ್ಲಿ ಇದ್ದದ್ದು ಮಳೆಯ ನೀರೇ ಇರಬಹುದು.

ಬೇಟೆಗಾರರು ಸಲಿಕೆ ಹಿಡಿದು ಇಳಿದರು. ಆದರೆ ಕೈ ಕೇಳಬೇಕಲ್ಲ! ಸಾಲು ಬಿಟ್ಟು ಗುಂಡಿ ತೋಡಿರಿ ಎಂದರೆ ಗುಂಡಿಗಳನ್ನೇ ಸಾಲಾಗಿ ತೋಡಿದರು, ಒಂದರಿಂದ ಒಂದಕ್ಕೆ ಸಮ ಅಂತರ, ತೆಂಗಿನ ಸಸಿ ಇಡುವವರ ಹಾಗೆ. ನೀರು ಗುಂಡಿಗಳ ನಡುವೆ ದಾರಿ ಮಾಡಿಕೊಂಡು ಹೊರಟೇಹೋಗುತ್ತಿತ್ತು. ಹೀಗಲ್ಲ ಎಂದೆ. ಮತ್ತೆ ಹೆಂಗ ಎಂದರು. ಹೆಂಗ ಎಂದು ನನಗಾದರೂ ಎಲ್ಲಿ ಗೊತ್ತು? ನಾನು ಗುಂಡಿ ತೋಡಿರಲಿಲ್ಲ, ಉಡದಾರ ಹುಡುಕಿದ್ದೆ. ಹಂದಿಯೂ ಗುಂಡಿ ತೋಡುವುದಿಲ್ಲ, ಹಸಿದು ಗಡ್ಡೆ ಹುಡುಕುತ್ತದೆ. ಇವರಿಗೆ ಈ ನೆಲದಲ್ಲಿ ಬೇಕಾದದ್ದು ಏನೂ ಇರಲಿಲ್ಲ.

ದಂಡೆಯ ಮೇಲೆ ಸಾವುಕಾರರು ಬೆರಳಲ್ಲಿ ಚಾವಿ ತಿರುಗಿಸುತ್ತಿದ್ದರು. ಹೋಗಿ ಅದನ್ನು ಕಸಿದುಕೊಂಡೆ. ಅವರು "ಏ, ಏ" ಎನ್ನುವುದರೊಳಗೆ ಬೀಸಿ ಬಯಲಿನ ನಡುವೆ ಎಸೆದೆ.

"ಲಾರಿ ಚಾವಿ ಅದು! ತಲಿ ಕೆಟ್ಟೈತೇನ ನಿನಗ?" ಎಂದು ಕೊಡೆ ಬಿಸಾಡಿ ಇಳಿದರು. ಬಿದ್ದ ಜಾಗಕ್ಕೆ ಹೋಗಿ ಕೈ ಹಾಕಿದರು, ಸಿಗಲಿಲ್ಲ. ಮಂಡಿಯೂರಿದರು. ಎರಡೂ ಕೈಯಲ್ಲಿ ಮಣ್ಣು ಎಳೆದು ಹಿಂದಕ್ಕೆ ಹಾಕಿದರು. ಇತ್ತ ಹೊರಳಿದರು, ಅತ್ತ ಹೊರಳಿದರು, ಒಂದು ಹೆಂಟೆ ಎತ್ತಿ ಬೈದು ಆಚೆಗೆ ಒಗೆದರು. ಅವರ ಸುತ್ತ ನೀರು ನಿಲ್ಲತೊಡಗಿತು. ಜನ ನೋಡಿದರು. ಮೊದಲು ಅರ್ಥವಾದದ್ದು ರಾಜಾಬಿಗೆ. ಗಂಡನ ಜೇಬಿಗೆ ಕೈ ಹಾಕಿ ತಂಬಾಕಿನ ಡಬ್ಬಿ ತೆಗೆದು ಒಂದೇ ಏಟಿಗೆ ದೂರಕ್ಕೆ ಎಸೆದಳು. ಅದು ಅವನ ಅಪ್ಪನ ಕಾಲದ ಹಿತ್ತಾಳೆಯ ಡಬ್ಬಿ. ಮಕ್ತುಮಸಾಬ ಸಲಿಕೆ ಬಿಟ್ಟು ಓಡಿದ. ಆಮೇಲೆ ಹೇಳುವುದೇನಿದೆ, ಊರ ಹೆಂಗಸರ ಕೈಗೆ ಅಂಥ ಅವಕಾಶ ಸಿಕ್ಕರೆ ಬಿಡುತ್ತಾರೆಯೇ? ಕೈಗಡಿಯಾರ, ಎಲೆ ಅಡಿಕೆ ಚೀಲ, ಉಂಗುರ, ಹೊಸ ಚಪ್ಪಲಿ, ಒಬ್ಬರ ಹಲ್ಲಿನ ಸೆಟ್ಟು. ಸಂಜೆಯ ಹೊತ್ತಿಗೆ ಊರಿನ ಗಂಡಸರೆಲ್ಲ ಕೆಸರಿನಲ್ಲಿ ಮೂತಿ ಇಟ್ಟಿದ್ದರು, ಕೆಸರಬಯಲು ತನ್ನ ಹಳೆಯ ಮುಖಕ್ಕೆ ಮರಳುತ್ತಿತ್ತು.

ಅಂದೇ ಕಪ್ಪೆ ಕೂಗಿದವು ಎಂದರೆ ಸುಳ್ಳಾಗುತ್ತದೆ. ಇನ್ನೂ ಹಲವು ಮಳೆ ಬಂದವು. ಒಂದು ಸಂಜೆ ಗಿರಾಕಿಯೊಬ್ಬ ಚೀಲ ಕೆಳಗಿಟ್ಟು ನನಗೆ ಏನೋ ಹೇಳಿದ, ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ, ಆಗಲೂ ಇಲ್ಲ. ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಓಡಿಹೋಗಿ ಗಿರಣಿ ಬಂದ್ ಮಾಡಿದೆ. ಸದ್ದು ನಿಲ್ಲಲಿಲ್ಲ. ಕಟ್ಟೆಯ ಮೇಲೆ ಕೂತು ಸೆರಗು ಮುಖಕ್ಕೆ ಹಿಡಿದು ಅತ್ತೆ. ಒಳಗಿನಿಂದ ಉಡಚಪ್ಪ "ಕಾಶವ್ವಾ, ಕೇಳಾಕತ್ತೈತೇನ?" ಎಂದು ಕೂಗಿದನಂತೆ. ಅದೂ ಕೇಳಿಸಲಿಲ್ಲ.

ಭಟ್ಟಿಯ ಮಾತು ಮತ್ತೆ ಬರಲಿಲ್ಲ. ಉಡಚಪ್ಪನ ಸುಂಕಕ್ಕೆ ಪಂಚಾಕ್ಷರಯ್ಯನವರು ತಾವೇ ಮನೆಗೆ ಬಂದು ಒಪ್ಪಿಗೆ ಹೇಳಿ ಹೋದರು. ಈಗ ಅವರು ಹಗ್ಗ ತರುವುದಿಲ್ಲ. ಮಳೆ ನಿಂತ ಮೇಲೆ ಬಂದು ಯಾರ ಪಾಲಿನಲ್ಲಿ ನೀರು ಉಳಿದಿದೆ ಎಂದಷ್ಟೇ ನೋಡುತ್ತಾರೆ. ಹಂದಿ ಹೊಡೆದವನು ಸುಂಕಕ್ಕೆ ಇಳಿಯುವ ಮೊದಲು ಅವನ ಹೆಂಡತಿಯೋ ತಾಯಿಯೋ ಹೋಗಿ, ಅವನಿಗೆ ಬೇಕೇಬೇಕಾದ ಒಂದು ವಸ್ತುವನ್ನು ಎಲ್ಲೆಂದು ಹೇಳದೆ ಬಯಲಿನಲ್ಲಿ ಹೂತು ಬರಬೇಕೆಂಬುದು ಈಗ ಊರಿನ ಕಟ್ಟಳೆ. ಕೆಲವರು ಪರವಾನಗಿ ಕೇಳುವ ಮೊದಲು ಹೆಂಡತಿಯ ಜೊತೆ ರಾಜಿ ಮಾಡಿಕೊಂಡು ಬರುತ್ತಾರೆ. ಸಾವುಕಾರರ ಚಾವಿ ಸಿಕ್ಕಿತು. ಹಲ್ಲಿನ ಸೆಟ್ಟು ಇನ್ನೂ ಸಿಕ್ಕಿಲ್ಲ.

ಗುಡ್ಡದಿಂದ ಹಂದಿಗಳು ಮತ್ತೆ ಇಳಿಯತೊಡಗಿದವು. ಕಾಲು ಕೂಡಿದ ಮೇಲೆ ಉಡಚಪ್ಪ ಈ ವರ್ಷ ಒಂದು ಹಂದಿ ಹೊಡೆದ. ಅವನಿಗೆಂದು ನಾನು ಹೊಸದಾಗಿ ಏನನ್ನೂ ಹೂಳಬೇಕಾಗಿರಲಿಲ್ಲ. ಮಾವ ಕೊಟ್ಟ ಉಡದಾರ ಅಲ್ಲೇ ಇತ್ತಲ್ಲ. ಕುಂಟುತ್ತಾ ಹೋಗಿ ದಿನವೂ ಹುಡುಕುತ್ತಿದ್ದ.

ನಿನ್ನೆ ಅವನಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋದೆ. ದಾರಿಯ ಪಕ್ಕದಲ್ಲಿ ಹಂದಿಯೊಂದು ಆಗಷ್ಟೇ ಕೆದರಿ ಹೋದ ಹಸಿ ಮಣ್ಣು. ಅದರಲ್ಲಿ ಏನೋ ಮಿಂಚಿತು. ಬಗ್ಗಿ ಎಳೆದೆ, ಬಂತು. ಸೆರಗಿನಿಂದ ಒರೆಸಿದೆ. ನನ್ನ ಅಪ್ಪ ಅಕ್ಕಸಾಲಿಗನ ಮುಂದೆ ಕೂತು ಮಾಡಿಸಿದ ಅದೇ ಹೆಣಿಗೆ. ದೂರದಲ್ಲಿ ಉಡಚಪ್ಪ ಕರಿ ದಾರದ ಸೊಂಟ ಮೇಲೆ ಮಾಡಿ ಕೆಸರಿನಲ್ಲಿ ಮೊಳಕೈವರೆಗೆ ಮುಳುಗಿದ್ದ. ಅವನ ಸುತ್ತ ನೀರು ನಿಂತಿತ್ತು, ಹುಲ್ಲು ಎದ್ದಿತ್ತು. ಕರೆಯಲು ಬಾಯಿ ತೆರೆದೆ. ಆಗ ಬಯಲಿನ ತೆಂಕಣ ಮೂಲೆ ಕಣ್ಣಿಗೆ ಬಿತ್ತು. ಹಳೆಯ ಸಾಲುಗಳು ಅಲ್ಲಿ ಇನ್ನೂ ಹಾಗೇ ಇವೆ, ನೆಲ ಬಿರಿದಿದೆ, ಯಾರ ಕೈಯೂ ಅಲ್ಲಿಗೆ ಹೋಗಿಲ್ಲ.

ನಾನು ಬದುಕಿದ್ದೇನೆ, ಗಟ್ಟಿಮುಟ್ಟಾಗಿದ್ದೇನೆ. ಅದಕ್ಕೆ ಅವನ ಸೊಂಟದ ಸಾಕ್ಷಿ ಬೇಕಾಗಿಲ್ಲ. ಉಡದಾರವನ್ನು ಮುಷ್ಟಿಯಲ್ಲಿ ಹಿಡಿದು ಆ ಮೂಲೆಗೆ ನಡೆದೆ. ಬಿರುಕಿನೊಳಗೆ ಕೈ ಹೋಗುವಷ್ಟು ಆಳಕ್ಕೆ ಅದನ್ನು ಇಳಿಸಿ, ಮೇಲೆ ಮಣ್ಣು ಎಳೆದು, ಹಿಮ್ಮಡಿಯಿಂದ ಒತ್ತಿದೆ. ಕೈ ಕೊಡವಿಕೊಂಡು, ಗಿರಣಿಯ ದನಿ ತೆಗೆದು ಕೂಗಿದೆ.

"ರೀ! ಇತ್ತಾಗ ಈ ಮೂಲ್ಯಾಗ ನೋಡೀರೇನ್ರಿ?"